ಸಾಲದ ಹಣದಲ್ಲಿ ಊರು ಸುತ್ತುವುದು ತಪ್ಪೇ?

ಈ ಸಂಚಿಕೆಗೆ ಆರಿಸಿಕೊಂಡ ಐದು ಪತ್ರಗಳು ಪರದೇಶಕ್ಕೆ ಓದಲು ಹೋದವರವು, ಹೊರಟು ನಿಂತವರವು ಮತ್ತು ಮಕ್ಕಳನ್ನು ಕಳಿಸಿಕೊಟ್ಟು ಇಲ್ಲಿ ಫೋನಿಗಾಗಿ ಕಾಯುತ್ತಿರುವವರವು. ಐದೂ ಬರ್ಲಿನ್ ನಗರಕ್ಕೆ ಸಂಬಂಧಿಸಿದವು. 2009ರಿಂದ 2011ರವರೆಗೆ ನಾನು ಅಲ್ಲಿ ವಿದ್ಯಾರ್ಥಿಯಾಗಿದ್ದೆ, ಆಮೇಲೂ ಒಂದೆರಡು ಸಲ ಹೋಗಿಬಂದಿದ್ದೇನೆ. ಹಾಗಾಗಿ ಈ ಸಲದ ಉತ್ತರಗಳಲ್ಲಿ ಸಲಹೆಗಿಂತ ನನ್ನ ಸ್ವಂತ ಅನುಭವವೇ ಹೆಚ್ಚಾಗಿ ಬಂದಿದ್ದರೆ ಓದುಗರು ಸಹಿಸಿಕೊಳ್ಳಬೇಕು.

ಪ್ರಶ್ನೆ: ನಾನು ದಾವಣಗೆರೆಯವನು. ಆರು ತಿಂಗಳಿಂದ ಬರ್ಲಿನ್ನಿನಲ್ಲಿ ಸ್ನಾತಕೋತ್ತರ ಓದಿನಲ್ಲಿದ್ದೇನೆ. ಅಪ್ಪ ನಿವೇಶನವನ್ನು ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ತೆಗೆದಿದ್ದಾರೆ. ವೀಸಾಕ್ಕಾಗಿ ಮೊದಲೇ ಖರ್ಚಿನ ಹಣ ತುಂಬಿ ಕಾಯ್ದಿರಿಸಿದ ಖಾತೆಯಿಂದ ತಿಂಗಳಿಗೆ 992 ಯೂರೊ ಬರುತ್ತದೆ. ಬಾಡಿಗೆ, ಆರೋಗ್ಯ ವಿಮೆ ಮತ್ತು ಊಟಕ್ಕೆ ಅದು ಸರಿಹೋಗುತ್ತದೆ. ಜೊತೆಯವರು ವಾರಾಂತ್ಯಕ್ಕೆ ಪ್ಯಾರಿಸ್, ರೋಮ್ ಎಂದು ಹೊರಡುತ್ತಾರೆ, ನನಗೆ ಅದು ಆಗದ ಮಾತು. ಕಳೆದ ಭಾನುವಾರ ಸುಮ್ಮನೆ ಊರು ಸುತ್ತಲು ಹೋದೆ. ಹಿಂತಿರುಗುವಾಗ, ಸಾಲದ ಹಣದಲ್ಲಿ ಬಂದವನು ಹೀಗೆ ಹೊತ್ತು ಕಳೆಯಬಹುದೇ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಅಪ್ಪ ಪ್ರತಿ ವಾರ ‘ಏನೇನು ನೋಡಿದೆಯಪ್ಪಾ’ ಎಂದು ಕೇಳುತ್ತಾರೆ. ಹೇಳಲು ನಾಚಿಕೆಯಾಗಿ ‘ಓದುವುದು ಬಹಳವಿದೆ’ ಎನ್ನುತ್ತೇನೆ. ನಾನು ಮಾಡುತ್ತಿರುವುದು ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಲೆಕ್ಕವೇ ಮುಂದಾಗಿರುವುದರಿಂದ ಮೊದಲು ಲೆಕ್ಕವನ್ನೇ ನೋಡೋಣ. ಬರ್ಲಿನ್ನಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರತಿ ಸೆಮಿಸ್ಟರಿಗೆ ಕಟ್ಟುವ ವಂತಿಗೆಯಲ್ಲಿ ನಗರದ ರೈಲು, ಟ್ರಾಮ್ ಮತ್ತು ಬಸ್ಸುಗಳ ವಿದ್ಯಾರ್ಥಿ ಟಿಕೆಟ್ಟೂ ಸೇರಿರುತ್ತದೆ. ನೀವು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತರೂ ಆ ಹಣ ಹೋಗಿಯೇ ಹೋಗಿದೆ, ದಿನವಿಡೀ ತಿರುಗಿದರೂ ಅದಕ್ಕಿಂತ ಒಂದು ಕಾಸು ಹೆಚ್ಚು ಹೋಗುವುದಿಲ್ಲ. ಒಂದು ಡಬ್ಬಿ ಚಿತ್ರಾನ್ನ, ಒಂದು ಬಾಟಲಿ ನೀರು, ಸವೆದರೂ ಚಿಂತೆಯಿಲ್ಲದ ಒಂದು ಜೊತೆ ಬೂಟು ಇದ್ದರೆ ನಿಮ್ಮ ಭಾನುವಾರದ ಖರ್ಚು ಮುಗಿಯಿತು.

ಊರು ಸುತ್ತಿದರೆ ವ್ಯಕ್ತಿತ್ವ ವಿಕಸನವಾಗುತ್ತದೆ, ಮುಂದೆ ಕೆಲಸ ಹುಡುಕುವಾಗ ಅನುಕೂಲವಾಗುತ್ತದೆ ಎಂದೆಲ್ಲ ಹೇಳಿ ನಿಮ್ಮ ಕಸಿವಿಸಿಯನ್ನು ಹೋಗಲಾಡಿಸುವುದು ಸುಲಭ. ಆದರೆ ನಾನು ಹಾಗೆ ಹೇಳಲಾರೆ, ಏಕೆಂದರೆ ನಾನು ಸುತ್ತಿದ ಯಾವ ಬೀದಿಯೂ ನನ್ನ ಕೆಲಸದ ಅರ್ಜಿಯಲ್ಲಿ ಒಂದು ಸಾಲಿನಷ್ಟು ಜಾಗವನ್ನೂ ಪಡೆಯಲಿಲ್ಲ. ಅದರಿಂದ ಲಾಭವಿಲ್ಲ ಎಂದೇ ಇಟ್ಟುಕೊಳ್ಳಿ. ಹಾಗಿದ್ದರೂ, ಸಾಲ ತೀರುವವರೆಗೆ ಮಗ ಯಾವುದನ್ನೂ ಕಣ್ತುಂಬ ನೋಡಕೂಡದು ಎಂಬ ಕರಾರಿಗೆ ನಿಮ್ಮ ತಂದೆಯವರು ಬ್ಯಾಂಕಿನಲ್ಲಿ ಸಹಿ ಹಾಕಿರಲಾರರು. ಹಾಕಿದ್ದರೆ ಅವರು ವಾರ ವಾರವೂ ‘ಏನೇನು ನೋಡಿದೆ’ ಎಂದು ಏಕೆ ಕೇಳುತ್ತಾರೆ? ಪಾಸಾದೆಯಾ ಎಂದಷ್ಟೇ ಕೇಳಿ ಸುಮ್ಮನಾಗಬಹುದಿತ್ತು. ಅವರು ಕಾಯುತ್ತಿರುವ ಉತ್ತರವನ್ನು ಕೊಡಲು ನೀವೇ ಸಂಕೋಚಪಡುತ್ತಿದ್ದೀರಿ ಎಂದು ನನಗನ್ನಿಸುತ್ತದೆ.

ನನ್ನ ಮೊದಲ ತಿಂಗಳೂ ಕೋಣೆ, ತರಗತಿ ಮತ್ತು ಅಕ್ಕಿ ಸಿಗುವ ಅಂಗಡಿ ಎಂಬ ಮೂರು ಠಾಣೆಗಳ ನಡುವೆಯೇ ಕಳೆಯಿತು. ಆ ವೃತ್ತ ಮುರಿದದ್ದು 2009ರ ನವೆಂಬರ್ 9ರಂದು. ಕಮ್ಯುನಿಸ್ಟ್ ಪೂರ್ವ ಜರ್ಮನಿ ಕಟ್ಟಿದ, ಊರನ್ನು ಪೂರ್ವ, ಪಶ್ಚಿಮ ಎಂದು ಸೀಳಿದ್ದ ಬರ್ಲಿನ್ ಗೋಡೆ ತೆರೆದು 20 ವರ್ಷವಾದ ನೆನಪಿಗೆ, ಪೋಟ್ಸ್‌ಡಾಮರ್ ಪ್ಲಾಟ್ಸ್ ಎಂಬ ವೃತ್ತದಿಂದ ಸಂಸತ್ ಭವನದವರೆಗೆ, ಹಿಂದೆ ಗೋಡೆಯಿದ್ದ ಜಾಗದಲ್ಲಿ, ಆಳೆತ್ತರವನ್ನೂ ಮೀರಿದ ಸುಮಾರು ಸಾವಿರ ಡೊಮಿನೊ ಫಲಕಗಳನ್ನು ಸಾಲಾಗಿ ನಿಲ್ಲಿಸಿದ್ದರು. ಬಿಡದೆ ಮಳೆ ಸುರಿಯುತ್ತಿತ್ತು. ಪೋಲೆಂಡಿನ ಮಾಜಿ ಅಧ್ಯಕ್ಷ ಲೆಖ್ ವಲೆನ್ಸಾ ಮೊದಲ ಫಲಕವನ್ನು ತಳ್ಳಿದಾಗ ಅವು ಒಂದರ ಮೇಲೊಂದು ಬೀಳುತ್ತ ಹೋದವು. ನಾನಿದ್ದ ಜಾಗದಿಂದ ಕಂಡದ್ದು ಹೆಚ್ಚಾಗಿ ಇತರರ ಕೊಡೆಗಳೇ. ಆದರೆ ಮರುದಿನ ಅದೇ ದಾರಿಯಲ್ಲಿ ಬಂದಾಗ, ರಸ್ತೆಯ ಡಾಂಬರಿನ ನಡುವೆ ಚೌಕ ಕಲ್ಲುಗಳ ಎರಡು ಸಾಲು ಒಂದರ ಪಕ್ಕ ಒಂದಾಗಿ ಓಡುತ್ತಿರುವುದು ಕಣ್ಣಿಗೆ ಬಿತ್ತು. ಗೋಡೆ ಇದ್ದ ಗೆರೆ ಅದೇ ಎಂದು ಸಹಪಾಠಿಯೊಬ್ಬ ಹೇಳಿದ. ಒಂದು ತಿಂಗಳಿಂದ ದಿನಕ್ಕೆರಡು ಸಲ ಆ ಗೆರೆಯನ್ನು ದಾಟುತ್ತಿದ್ದರೂ ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಅಂದಿನಿಂದ ನನ್ನ ಸುತ್ತಾಟಕ್ಕೆ ಒಂದು ಹದ ಬಂತು. ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯನ್ನು ಬದಿಗಿಟ್ಟು ಆ ಕಲ್ಲಿನ ಸಾಲನ್ನು ಹಿಡಿದು ನಡೆಯತೊಡಗಿದೆ. 1961ರ ಆಗಸ್ಟ್ 13ರಂದು ರಾತ್ರೋರಾತ್ರಿ ತಂತಿಬೇಲಿಯಾಗಿ ಹುಟ್ಟಿ, ಆಮೇಲೆ ಕಾಂಕ್ರೀಟಾಗಿ, ಪಶ್ಚಿಮ ಬರ್ಲಿನ್ನನ್ನು ಸುಮಾರು 155 ಕಿಲೋಮೀಟರ್ ಉದ್ದಕ್ಕೆ ಸುತ್ತುವರಿದ ಗಡಿಯದು. ಅದನ್ನು ದಾಟಲು ಹೋಗಿ, ಅಥವಾ ಅದರ ದೆಸೆಯಿಂದ, ಕನಿಷ್ಠ 140 ಜನ ಸತ್ತರು. ಈ ಅಂಕಿಗಳನ್ನು ಪುಸ್ತಕದಲ್ಲೂ ಓದಬಹುದು, ನಿಜ. ಆದರೆ ಬೆರ್ನಾವರ್ ಬೀದಿಯಲ್ಲಿ ನಿಂತಾಗ ಮಾತ್ರ ಅವು ಮೈಗೆ ತಾಗುತ್ತವೆ. ಆ ಬೀದಿಯ ಒಂದು ಬದಿಯ ಮನೆಗಳು ಪೂರ್ವಕ್ಕೆ ಸೇರಿದ್ದರೆ ಅದೇ ಮನೆಗಳ ಮುಂದಿನ ಕಾಲುದಾರಿ ಪಶ್ಚಿಮಕ್ಕೆ ಸೇರಿತ್ತು. ಹೊಸ್ತಿಲು ದಾಟಿದರೆ ಬೇರೆ ರಾಜ್ಯ. ಬಾಗಿಲುಗಳನ್ನು ಇಟ್ಟಿಗೆಯಿಂದ ಮುಚ್ಚಿದ ಮೇಲೆ ಜನ ಕಿಟಕಿಗಳಿಂದ ಹಾರಿದರು. ಗೋಡೆಯ ದೆಸೆಯಿಂದ ಸತ್ತವರಲ್ಲಿ ಮೊದಲಿಗರಾದ ಇಡಾ ಸೀಕ್‌ಮನ್ ಎಂಬ ಮಹಿಳೆ ಆಗಸ್ಟ್ 22ರಂದು ಹೀಗೆಯೇ ತಮ್ಮ ಮನೆಯ ಕಿಟಕಿಯಿಂದ ಹಾರಿ ಪ್ರಾಣ ಬಿಟ್ಟರು.

ಅದೇ ಬೀದಿಯಲ್ಲಿ, ಎರಡು ಗೋಡೆಗಳ ನಡುವಿನ ನಿಷೇಧಿತ ಪಟ್ಟಿಯಲ್ಲಿ ಸಿಕ್ಕಿಕೊಂಡ ಒಂದು ಚರ್ಚ್ ಇತ್ತು. ಕಾವಲಿಗೆ ಅಡ್ಡವೆಂದು 1985ರಲ್ಲಿ ಪೂರ್ವದ ಸರ್ಕಾರ ಅದನ್ನು ಸಿಡಿಸಿ ಕೆಡವಿತು. ಈಗ ಅಲ್ಲಿರುವುದು 2000ದಲ್ಲಿ ಕಟ್ಟಿದ ಚಿಕ್ಕ ಪ್ರಾರ್ಥನಾ ಮಂದಿರ. ಹಳೆಯ ಚರ್ಚಿನ ಇಟ್ಟಿಗೆ ಚೂರುಗಳನ್ನು ಮಣ್ಣಿಗೆ ಬೆರೆಸಿ, ನಮ್ಮ ಹಳ್ಳಿಗಳಲ್ಲಿ ಹಿಂದೆ ಗೋಡೆ ಹಾಕುತ್ತಿದ್ದಂತೆ ಪದರ ಪದರವಾಗಿ ದಮ್ಮಸು ಮಾಡಿ ಅದರ ಗೋಡೆ ಎಬ್ಬಿಸಿದ್ದಾರೆ. ಪಕ್ಕದಲ್ಲೇ ಒಂದು ತುಂಡು ಹೊಲ; ಅದರಲ್ಲಿ ಗೋಧಿಯ ಬಳಗದ ರೈ ಎಂಬ ಧಾನ್ಯವನ್ನು ಬೆಳೆಯುತ್ತಾರೆ. ಹಾಸನದ ಕಡೆಯ ರಾಗಿ ಬೆಳೆಗಾರರಾದ ನನ್ನ ತಂದೆಗೆ ಬರ್ಲಿನ್ನಿನ ಅರಮನೆ, ವಸ್ತುಸಂಗ್ರಹಾಲಯಗಳ ವರ್ಣನೆ ಕೇಳಿ ಎಂದೂ ಕುತೂಹಲ ಹುಟ್ಟಲಿಲ್ಲ. ಪಟ್ಟಣದ ನಡುವೆ, ಬಂದೂಕಿನವರು ಕಾವಲು ಕಾಯುತ್ತಿದ್ದ ನೆಲದಲ್ಲಿ ಈಗ ಬೆಳೆ ನಿಂತಿದೆ ಎಂದಾಗ ಮಾತ್ರ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಕರೆಗೆ ಎಷ್ಟು ಮೂಟೆ ಬರುತ್ತದಂತೆ?’ ಎಂದು ಕೇಳಿದರು. ಅದು ಎಕರೆಯಷ್ಟು ದೊಡ್ಡದಲ್ಲ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ನಡೆದು ದಣಿದ ದಿನಗಳಿಗೆ ರೈಲಿದೆ. ಎಸ್-ಬಾನ್ ಎಂಬ ನಗರ ರೈಲಿನ ವರ್ತುಲ ಮಾರ್ಗ 37 ಕಿಲೋಮೀಟರ್ ಉದ್ದದ್ದು. 27 ನಿಲ್ದಾಣಗಳನ್ನು ಮುಟ್ಟಿ ಸರಿಯಾಗಿ ಒಂದು ಗಂಟೆಯಲ್ಲಿ ಹೊರಟಲ್ಲಿಗೇ ಬರುತ್ತದೆ. ಎಸ್ 41 ಪ್ರದಕ್ಷಿಣೆಯಾಗಿ, ಎಸ್ 42 ಅಪ್ರದಕ್ಷಿಣೆಯಾಗಿ ಓಡುತ್ತವೆ. ಈ ವರ್ತುಲವನ್ನೂ 1961ರಲ್ಲಿ ಗೋಡೆ ತುಂಡರಿಸಿತ್ತು, ಮತ್ತೆ ಪೂರ್ತಿ ಕೂಡಿಕೊಂಡದ್ದು 2002ರಲ್ಲಿ. ಚಳಿಗಾಲದಲ್ಲಿ ಬೆಚ್ಚಗೆ ಕೂತು ಊರಿಗೆ ಒಂದು ಪ್ರದಕ್ಷಿಣೆ ಹಾಕಿಬರಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ನಾನು ಮಾಡುತ್ತಿದ್ದುದು ಇಷ್ಟೇ: ಒಂದೊಂದು ಭಾನುವಾರ ಹೆಸರು ಕೇಳದ ಒಂದು ನಿಲ್ದಾಣದಲ್ಲಿ ಇಳಿದು ಅಲ್ಲಿಂದ ಮುಂದಿನ ನಿಲ್ದಾಣದವರೆಗೆ ನಡೆಯುವುದು. ಬಂದರಿನ ಉಗ್ರಾಣಗಳು, ಕಾರ್ಖಾನೆಗಳ ಹಿಂಗೋಡೆಗಳು, ವಾರಾಂತ್ಯಕ್ಕೆ ಜನ ಬಂದು ಸೌತೆ, ಟೊಮೆಟೊ ಬೆಳೆಯುವ ಅಂಗೈ ಅಗಲದ ತೋಟಗಳು, ಹೀಗೆ ಯಾವ ಕೈಪಿಡಿಯೂ ಹೋಗಿ ನೋಡಿ ಎನ್ನದ ಬರ್ಲಿನ್ ನನಗೆ ಪರಿಚಯವಾದದ್ದು ಹಾಗೆ.

ನೆಲದೊಳಗಿನ ಊ-ಬಾನ್ ರೈಲಿನಲ್ಲಿ ಯು 8 ಮಾರ್ಗ ಹಿಡಿದು ಹೋಗುವಾಗ ಇನ್ನೊಂದು ಸಂಗತಿ ನೆನಪಿರಲಿ. ನಗರ ಒಡೆದಿದ್ದ 28 ವರ್ಷ ಆ ರೈಲು ಪಶ್ಚಿಮದಿಂದ ಹೊರಟು ಪೂರ್ವದ ನೆಲದಡಿಯಲ್ಲಿ ಹಾದು ಮತ್ತೆ ಪಶ್ಚಿಮಕ್ಕೇ ಬರುತ್ತಿತ್ತು. ನಡುವಿನ ನಿಲ್ದಾಣಗಳಲ್ಲಿ ವೇಗ ತಗ್ಗಿಸುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಮಬ್ಬು ಬೆಳಕಿನಲ್ಲಿ ಕಾವಲುಗಾರರಷ್ಟೇ ಇರುತ್ತಿದ್ದ ಆ ತಾಣಗಳನ್ನು ಜನ ಭೂತ ನಿಲ್ದಾಣಗಳೆಂದು ಕರೆದರು. ನೋರ್ಡ್‌ಬಾನ್‌ಹೋಫ್ ನಿಲ್ದಾಣದೊಳಗೆ ಇದರ ಪ್ರದರ್ಶನವಿದೆ, ನೋಡಲು ಹಣ ಕೊಡಬೇಕಾಗಿಲ್ಲ.

ಪ್ಯಾರಿಸ್ ಎಲ್ಲಿಗೂ ಹೋಗುವುದಿಲ್ಲ. ಎರಡು ದಿನದಲ್ಲಿ ಹೋಗಿಬಂದ ಗೆಳೆಯರ ಫೋಟೊಗಳನ್ನು ನೋಡಿ ಸಂತೋಷಪಡಿ. ಮುಂದಿನ ಭಾನುವಾರ ಸಂಜೆ ಅಪ್ಪನಿಗೆ ನೀವೇ ಮೊದಲು ಫೋನ್ ಮಾಡಿ.

ಪ್ರಶ್ನೆ: ನನ್ನ ಮಗಳು ಬರ್ಲಿನ್ನಿನಲ್ಲಿ ಓದುತ್ತಿದ್ದಾಳೆ. ಕತ್ತಲಾದ ಮೇಲೂ ಒಬ್ಬಳೇ ರೈಲಿನಲ್ಲಿ ಓಡಾಡುತ್ತಾಳೆ. ‘ಅಮ್ಮ, ಇಲ್ಲಿ ಏನೂ ಆಗುವುದಿಲ್ಲ’ ಎನ್ನುತ್ತಾಳೆ. ನನಗೆ ಇಲ್ಲಿ ನಿದ್ದೆ ಬರುವುದಿಲ್ಲ. ಕತ್ತಲಾಗುವ ಮುಂಚೆ ಮನೆ ಸೇರು ಎಂದರೆ ನಗುತ್ತಾಳೆ. ನಾನು ಹೇಳುವುದರಲ್ಲಿ ತಪ್ಪೇನಿದೆ?
– ಶಿವಮೊಗ್ಗದ ತಾಯಿಯೊಬ್ಬರು

ಉತ್ತರ: ತಪ್ಪಿಲ್ಲ ತಾಯಿ. ಆದರೆ ಮಗಳು ನಗುವುದಕ್ಕೆ ಒಂದು ಕಾರಣವಿದೆ. ಡಿಸೆಂಬರಿನಲ್ಲಿ ಬರ್ಲಿನ್ನಿನ ಸೂರ್ಯ ಬೆಳಿಗ್ಗೆ ಎಂಟು ದಾಟಿದ ಮೇಲೆ ಹುಟ್ಟಿ ಮಧ್ಯಾಹ್ನ ನಾಲ್ಕು ಗಂಟೆಯ ಹೊತ್ತಿಗೆಲ್ಲ ಮುಳುಗಿಬಿಡುತ್ತಾನೆ. ಕತ್ತಲಾಗುವ ಮುಂಚೆ ಮನೆ ಸೇರಬೇಕೆಂದರೆ ಆಕೆ ಮಧ್ಯಾಹ್ನದ ತರಗತಿಯನ್ನೇ ಬಿಡಬೇಕಾಗುತ್ತದೆ. ಜೂನಿನಲ್ಲಿ ಇದು ತಿರುವುಮುರುವಾಗಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ನಮ್ಮ ಮನೆಗಳಲ್ಲಿ ದೀಪ ಹಚ್ಚುವ ಹೊತ್ತು ಎಂದರೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ; ಅಲ್ಲಿ ಆ ಹೊತ್ತು ಐದೂವರೆ ಗಂಟೆಯಷ್ಟು ಹಿಂದೆ ಮುಂದೆ ಸರಿಯುತ್ತದೆ. ಆದ್ದರಿಂದ ಕತ್ತಲನ್ನು ಬಿಟ್ಟು ಗಡಿಯಾರವನ್ನು ಅಳತೆಯಾಗಿ ಇಟ್ಟುಕೊಳ್ಳಿ.

ಏನೂ ಆಗುವುದಿಲ್ಲ ಎಂಬ ಅವಳ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸಂಜೆಯ ರೈಲುಗಳಲ್ಲಿ ಹೆಂಗಸರು, ಮುದುಕರು, ಶಾಲೆಯ ಮಕ್ಕಳು ಒಬ್ಬೊಬ್ಬರೇ ಓಡಾಡುವುದು ಅಲ್ಲಿ ಸಾಮಾನ್ಯ. ಶುಕ್ರವಾರ, ಶನಿವಾರಗಳಲ್ಲಿ ಊ-ಬಾನ್ ರಾತ್ರಿಯಿಡೀ ಓಡುತ್ತದೆ, ಉಳಿದ ರಾತ್ರಿಗಳಲ್ಲಿ ಬಸ್ಸುಗಳಿರುತ್ತವೆ. ಆದರೂ ಜೇಬುಗಳ್ಳರಿದ್ದಾರೆ, ಕುಡಿದು ಕೂಗಾಡುವವರಿದ್ದಾರೆ, ಬಣ್ಣ ನೋಡಿ ಅವಮಾನದ ಮಾತಾಡುವವರೂ ಒಮ್ಮೊಮ್ಮೆ ಸಿಗುತ್ತಾರೆ. ನನಗೇ ಎರಡು ಸಲ ಸಿಕ್ಕಿದ್ದರು. ಒಂದು ಸಲ ಎದುರು ಕುಳಿತಿದ್ದ ಅಜ್ಜಿಯೊಬ್ಬರು ನನ್ನ ಪರವಾಗಿ ಜಗಳಕ್ಕೇ ನಿಂತರು. ಇನ್ನೊಂದು ಸಲ ಇಡೀ ಡಬ್ಬಿ ಕಿಟಕಿಯ ಹೊರಗೆ ನೋಡಿತು. ತಡರಾತ್ರಿ ಖಾಲಿ ಡಬ್ಬಿಯಲ್ಲಿ ಕೂರದೆ ಚಾಲಕನ ಹಿಂದಿನ ಮೊದಲ ಡಬ್ಬಿಗೆ ಹೋಗಬೇಕು, ಸರಿಬರದವರು ಹತ್ತಿದರೆ ಮುಂದಿನ ನಿಲ್ದಾಣದಲ್ಲಿ ಡಬ್ಬಿ ಬದಲಿಸಬೇಕು, ಊ-ಬಾನ್ ನಿಲ್ದಾಣಗಳಲ್ಲಿ ನೆರವಿಗೆ ಕರೆಯುವ ಕಂಬ ಎಲ್ಲಿದೆ ಎಂದು ಹಗಲಿನಲ್ಲೇ ನೋಡಿಟ್ಟುಕೊಳ್ಳಬೇಕು, ಪೊಲೀಸರಿಗೆ 110, ಆಂಬುಲೆನ್ಸಿಗೆ 112 ಎಂಬುದು ಬಾಯಿಗೆ ಬರುವಂತಿರಬೇಕು. ಇಷ್ಟನ್ನು ಅವಳಿಂದ ಹೇಳಿಸಿ ಕೇಳಿ.

ಇನ್ನು ನಿಮ್ಮ ನಿದ್ದೆಯ ವಿಷಯ. ಅಲ್ಲಿನ ಗಡಿಯಾರ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದಿರುತ್ತದೆ. ಅವಳು ಚಳಿಗಾಲದ ರಾತ್ರಿ ಹತ್ತಕ್ಕೆ ಮನೆ ಸೇರಿ ಸಂದೇಶ ಕಳಿಸಿದರೆ ನಿಮಗೆ ಬೆಳಗಿನ ಜಾವ ಎರಡೂವರೆ. ಅದಕ್ಕಾಗಿ ಎದ್ದು ಕೂರಬೇಡಿ, ಬೆಳಿಗ್ಗೆ ಹಾಲು ಕಾಯಿಸುವಾಗ ನೋಡಿದರಾಯಿತು.

ಪ್ರಶ್ನೆ: ಬರುವ ಅಕ್ಟೋಬರಿನಲ್ಲಿ ಓದಲು ಬರ್ಲಿನ್ನಿಗೆ ಹೊರಟಿದ್ದೇನೆ. ಹೊಸಬರು ಸಾಮಾನ್ಯವಾಗಿ ಯಾವ ತಪ್ಪುಗಳನ್ನು ಮಾಡುತ್ತಾರೆ? ದಂಡ ಹಾಕುತ್ತಾರೆಂದು ಕೇಳಿದ್ದೇನೆ.
– ಧಾರವಾಡದ ವಿದ್ಯಾರ್ಥಿನಿ

ಉತ್ತರ: ಹಾಕುತ್ತಾರೆ. ನಾನು ಮೊದಲ ವಾರದಲ್ಲೇ ಕಟ್ಟಿದ್ದೇನೆ. ಬರ್ಲಿನ್ನಿನ ರೈಲು ನಿಲ್ದಾಣಗಳಲ್ಲಿ ನಮ್ಮ ಮೆಟ್ರೊದಂತೆ ತೆರೆದು ಮುಚ್ಚುವ ಗೇಟುಗಳಿಲ್ಲ. ಯಾರೂ ತಡೆಯುವುದಿಲ್ಲ, ನೇರವಾಗಿ ಹೋಗಿ ಹತ್ತಬಹುದು. ಕಾಗದದ ಟಿಕೆಟ್ ಕೊಂಡರೆ ಸಾಲದು, ಪ್ಲಾಟ್‌ಫಾರಂನಲ್ಲಿರುವ ಪುಟ್ಟ ಯಂತ್ರದ ಬಾಯಿಗೆ ಕೊಟ್ಟು ಮುದ್ರೆ ಒತ್ತಿಸಬೇಕು. ವಿದ್ಯಾರ್ಥಿ ಟಿಕೆಟ್ ಇನ್ನೂ ಕೈಗೆ ಬಂದಿರದ ಆ ದಿನಗಳಲ್ಲಿ ನಾನು ಟಿಕೆಟ್ ಕೊಂಡು ಭದ್ರವಾಗಿ ಜೇಬಿನಲ್ಲಿಟ್ಟುಕೊಂಡಿದ್ದೆ. ಎದುರು ಕೂತಿದ್ದ, ಎಲ್ಲರಂತೆ ಜೀನ್ಸ್ ಉಟ್ಟಿದ್ದ ಮನುಷ್ಯ ಎದ್ದು ಗುರುತಿನ ಚೀಟಿ ತೋರಿಸಿದಾಗಲೇ ಆತ ತಪಾಸಣೆಯವನೆಂದು ತಿಳಿದದ್ದು. ಮುದ್ರೆಯಿಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ ಎಂದ. ಆಗಿನ ದಂಡ 40 ಯೂರೊ. ಅಂದಿನ ಲೆಕ್ಕದಲ್ಲಿ ಎರಡೂವರೆ ಸಾವಿರ ರೂಪಾಯಿಗಿಂತ ಹೆಚ್ಚು. ಈಗ ಅದು 60 ಯೂರೊ. ಆ ವಾರ ನಾನು ಅನ್ನ, ಮೊಸರು, ಉಪ್ಪಿನಕಾಯಿಯಲ್ಲಿ ಕಳೆದೆ. ತಪ್ಪು ನನ್ನದೇ, ಯಂತ್ರದ ಮೇಲೆ ಬರೆದದ್ದನ್ನು ಓದಲು ಬರುತ್ತಿರಲಿಲ್ಲ ಅಷ್ಟೆ.

ಎರಡನೆಯದು ಸೈಕಲ್ ದಾರಿ. ಅನೇಕ ಕಡೆ ಕಾಲುದಾರಿಯ ಅರ್ಧ ಭಾಗಕ್ಕೆ ಕೆಂಪು ಬಣ್ಣದ ಕಲ್ಲು ಹಾಸಿರುತ್ತಾರೆ. ನೋಡಲು ಅಂದವಾಗಿದೆ ಎಂದು ಅದರ ಮೇಲೆ ನಡೆಯಬೇಡಿ, ಅದು ಸೈಕಲ್ಲಿನವರದು, ಅವರು ಗಂಟೆ ಬಾರಿಸುವಷ್ಟರಲ್ಲಿ ಮೈಮೇಲೆ ಬಂದಿರುತ್ತಾರೆ. ರಸ್ತೆ ದಾಟುವ ದೀಪ ಕೆಂಪಾಗಿದ್ದರೆ, ಎರಡೂ ಕಡೆ ಒಂದು ಬಂಡಿಯೂ ಕಾಣದಿದ್ದರೂ, ನಿಲ್ಲಿ. ಪಕ್ಕದಲ್ಲಿ ಮಗು ನಿಂತಿದ್ದಾಗ ದಾಟಿದರೆ ಅದರ ತಾಯಿಯಿಂದ ಪಾಠ ಹೇಳಿಸಿಕೊಳ್ಳಬೇಕಾದೀತು. ಆ ದೀಪದಲ್ಲಿ ಟೋಪಿ ಹಾಕಿ ಕೈ ಚಾಚಿದ ಗಿಡ್ಡ ಮನುಷ್ಯನೊಬ್ಬ ಕಾಣುತ್ತಾನೆ. 1961ರಲ್ಲಿ ಕಾರ್ಲ್ ಪೆಗ್ಲಾವ್ ಎಂಬವರು ಪೂರ್ವ ಬರ್ಲಿನ್ನಿಗಾಗಿ ರೂಪಿಸಿದ ಚಿತ್ರವದು. ದೇಶ ಒಂದಾದ ಮೇಲೆ ಪೂರ್ವದ ಎಷ್ಟೋ ಗುರುತುಗಳು ಅಳಿಸಿಹೋದರೂ ಜನ ಹಟ ಹಿಡಿದು ಇವನನ್ನು ಉಳಿಸಿಕೊಂಡರು. ಈಗ ಪಶ್ಚಿಮದ ಬೀದಿಗಳಲ್ಲೂ ಸಿಗುತ್ತಾನೆ.

ಭಾನುವಾರ ಅಂಗಡಿ ಮುಚ್ಚಿರುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ, ಯಾರೂ ನಂಬುವುದಿಲ್ಲ. ಮೊದಲ ಭಾನುವಾರ ಮನೆಯಲ್ಲಿ ಅಕ್ಕಿ ಮಾತ್ರ ಇದ್ದು ಈರುಳ್ಳಿ ಸಹ ಇಲ್ಲದೆ ಪರದಾಡಿದ ಮೇಲೆಯೇ ನಂಬಿಕೆ ಹುಟ್ಟುವುದು. ದೊಡ್ಡ ರೈಲು ನಿಲ್ದಾಣಗಳೊಳಗಿನ ಕೆಲವು ಅಂಗಡಿಗಳು ತೆರೆದಿರುತ್ತವೆ, ಆದರೆ ಅಲ್ಲಿನ ಸಾಲು ನಮ್ಮ ನ್ಯಾಯಬೆಲೆ ಅಂಗಡಿಯ ಸಾಲನ್ನು ನೆನಪಿಸುತ್ತದೆ. ತರಕಾರಿಗೆ ಮಂಗಳವಾರ ಅಥವಾ ಶುಕ್ರವಾರ ಮೈಬಾಖ್‌ಊಫರ್ ಎಂಬ ಕಾಲುವೆ ದಂಡೆಯ ಸಂತೆಗೆ ಹೋಗಿ. 1961ರ ಒಪ್ಪಂದದಂತೆ ಜರ್ಮನಿಗೆ ದುಡಿಯಲು ಬಂದ ತುರ್ಕಿಯವರ ಮಕ್ಕಳು ಮೊಮ್ಮಕ್ಕಳು ನಡೆಸುವ ಸಂತೆಯದು. ಬೆಂಡೆಕಾಯಿ, ಹಸಿಮೆಣಸು, ಬದನೆ, ಕಟ್ಟುಗಟ್ಟಲೆ ಕೊತ್ತಂಬರಿ, ಪುದೀನ ಎಲ್ಲವೂ ಇರುತ್ತವೆ. ಸಂಜೆ ಮುಚ್ಚುವ ಹೊತ್ತಿಗೆ ಹೋದರೆ ಉಳಿದ ಮಾಲನ್ನು ಕೂಗಿ ಕೂಗಿ ಅಗ್ಗಕ್ಕೆ ಕೊಡುತ್ತಾರೆ. ಸಂತೆ ಎಂದರೆ ಎಲ್ಲಿಯಾದರೂ ಸಂತೆಯೇ, ಚೌಕಾಶಿಗೆ ಅಲ್ಲಿ ಭಾಷೆ ಅಡ್ಡ ಬರಲಿಲ್ಲ.

ಖಾಲಿ ಬಾಟಲಿಯನ್ನು ಎಸೆಯಬೇಡಿ. ನೀರಿನ ಪ್ಲಾಸ್ಟಿಕ್ ಬಾಟಲಿಯೊಂದಕ್ಕೆ 25 ಸೆಂಟ್ ಠೇವಣಿ ಮೊದಲೇ ಬೆಲೆಯಲ್ಲಿ ಸೇರಿರುತ್ತದೆ, ಅಂಗಡಿಯ ಯಂತ್ರಕ್ಕೆ ಹಿಂತಿರುಗಿಸಿದರೆ ವಾಪಸು ಸಿಗುತ್ತದೆ. ಉದ್ಯಾನಗಳಲ್ಲಿ ಜನ ಬಾಟಲಿಗಳನ್ನು ಕಸದ ತೊಟ್ಟಿಯೊಳಗೆ ಹಾಕದೆ ಅದರ ಬುಡದಲ್ಲಿ ನಿಲ್ಲಿಸಿ ಹೋಗುವುದನ್ನು ಕಂಡು ನಾನು ಸೋಮಾರಿತನ ಎಂದುಕೊಂಡಿದ್ದೆ. ಆಯ್ದು ಮಾರಿ ಬದುಕುವವರು ತೊಟ್ಟಿಗೆ ಕೈ ಹಾಕಬೇಕಾಗದಿರಲಿ ಎಂದು ಹಾಗೆ ಇಡುತ್ತಾರಂತೆ.

ಪ್ರಶ್ನೆ: ನನ್ನ ಓದು ಇಂಗ್ಲಿಷಿನಲ್ಲಿದೆ, ಬರ್ಲಿನ್ನಿನಲ್ಲಿ ಅಂಗಡಿಯವರೂ ಇಂಗ್ಲಿಷ್ ಆಡುತ್ತಾರೆ. ಜರ್ಮನ್ ಕಲಿಯದೆ ಆ ಊರನ್ನು ತಿಳಿಯಲು ಸಾಧ್ಯವಿಲ್ಲವೇ?
– ಸಾಗರದ ಓದುಗ, ಸದ್ಯ ಬರ್ಲಿನ್

ಉತ್ತರ: ಅಲ್ಲಿ ಬದುಕಬಹುದು, ಊರು ತಿಳಿಯುವುದು ಕಷ್ಟ. ನಾನು ಯಾರ ನೆರವೂ ಇಲ್ಲದೆ ಓದಿ ಅರ್ಥ ಮಾಡಿಕೊಂಡ ಮೊದಲ ಜರ್ಮನ್ ವಾಕ್ಯ ನೆಲದ ಮೇಲಿತ್ತು. ನನ್ನ ಕೋಣೆಯಿದ್ದ ಕಟ್ಟಡದ ಬಾಗಿಲ ಮುಂದೆ, ಕಾಲುದಾರಿಯ ಕಲ್ಲುಗಳ ನಡುವೆ, 10 ಸೆಂಟಿಮೀಟರ್ ಅಗಲದ ಮೂರು ಹಿತ್ತಾಳೆ ಬಿಲ್ಲೆಗಳನ್ನು ಹುದುಗಿಸಿದ್ದರು. ‘ಹೀರ್ ವೋನ್‌ಟೆ’ ಎಂದು ಅವು ಮೊದಲಾಗುತ್ತಿದ್ದವು. ಇಲ್ಲಿ ವಾಸವಾಗಿದ್ದರು, ಎಂದರ್ಥ. ಕೆಳಗೆ ಹೆಸರು, ಹುಟ್ಟಿದ ವರ್ಷ, ಹಿಟ್ಲರನ ನಾಜಿಗಳು ಹಿಡಿದು ಸಾಗಿಸಿದ ದಿನ, ಸತ್ತ ಜಾಗ. ಗುಂಟರ್ ಡೆಮ್‌ನಿಗ್ ಎಂಬ ಕಲಾವಿದ ಆರಂಭಿಸಿದ ಈ ಕೆಲಸ ಬರ್ಲಿನ್ನಿನಲ್ಲಿ ಮೊದಲು ನಡೆದದ್ದು 1996ರಲ್ಲಿ, ಕ್ರೊಯ್ಟ್ಸ್‌ಬೆರ್ಗ್ ಬಡಾವಣೆಯಲ್ಲಿ, ಅದೂ ಅನುಮತಿಯಿಲ್ಲದೆ. ಅವುಗಳನ್ನು ಮುಗ್ಗರಿಸುವ ಕಲ್ಲುಗಳು ಎಂದು ಕರೆಯುತ್ತಾರೆ. ಈಗ ನಗರದಲ್ಲಿ ಸಾವಿರಾರು ಇವೆ. ಓದಲು ಬರುವ ಮುಂಚೆ ನನ್ನ ಪಾಲಿಗೆ ಅವು ಹೊಳೆಯುವ ಅಲಂಕಾರವಾಗಿದ್ದವು. ಓದಲು ಬಂದ ದಿನ, ನಾನು ದಿನಾ ಹತ್ತಿಳಿಯುವ ಮೆಟ್ಟಿಲನ್ನೇ ಇಳಿಸಿ ಒಂದೇ ಮನೆಯ ಮೂವರನ್ನು ಕರೆದೊಯ್ದಿದ್ದರು ಎಂದು ತಿಳಿಯಿತು. ಅವರಲ್ಲಿ ಒಂದು ಮಗು ನಾಲ್ಕು ವರ್ಷದ್ದು. ಇಂಗ್ಲಿಷ್ ಬಲ್ಲ ಅಂಗಡಿಯವರಾಗಲಿ ಮನೆಯ ಮಾಲೀಕರಾಗಲಿ ಇದನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಕೇಳಲು ಏನಿದೆ ಎಂದೇ ಗೊತ್ತಿರಲಿಲ್ಲ.

ನೀವು ಸಾಗರದವರಾದ್ದರಿಂದ ಇನ್ನೊಂದು ಮಾತು. 1951ರಲ್ಲಿ ನಿಮ್ಮ ತಾಲ್ಲೂಕಿನ ಕಾಗೋಡಿಗೆ ಬಂದು ಗೇಣಿದಾರರ ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ, ಅದಕ್ಕೆ ಎರಡು ದಶಕ ಮೊದಲು ಬರ್ಲಿನ್ನಿನಲ್ಲಿ ವಿದ್ಯಾರ್ಥಿಯಾಗಿದ್ದವರು. ಇಂದು ಹುಂಬೋಲ್ಟ್ ವಿಶ್ವವಿದ್ಯಾಲಯ ಎಂದು ಹೆಸರಾಗಿರುವ, 1810ರಲ್ಲಿ ಸ್ಥಾಪನೆಯಾದ ವಿದ್ಯಾಸಂಸ್ಥೆಯಲ್ಲಿ ಅವರು ಭಾರತದ ಉಪ್ಪಿನ ತೆರಿಗೆಯ ಬಗ್ಗೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಹೋದ ಹೊಸತರಲ್ಲಿ ಅಲ್ಲಿನ ಪ್ರಾಧ್ಯಾಪಕರೊಬ್ಬರು ತನಗೆ ಇಂಗ್ಲಿಷ್ ಬಾರದೆಂದಾಗ, ಲೋಹಿಯಾ ಮೂರು ತಿಂಗಳು ಬಿಟ್ಟು ಬರುತ್ತೇನೆಂದು ಹೇಳಿ ಹೋಗಿ ಜರ್ಮನ್ ಕಲಿತು ಬಂದರೆಂಬ ಕಥೆಯನ್ನು ಅವರ ಅಭಿಮಾನಿಗಳು ಹೇಳುತ್ತಾರೆ. ಮೂರು ತಿಂಗಳೋ ಆರು ತಿಂಗಳೋ, ಕಲಿತದ್ದಂತೂ ನಿಜ. 1933ರ ಮೇ 10ರಂದು, ಆ ವಿಶ್ವವಿದ್ಯಾಲಯದ ಎದುರಿನ ಚೌಕದಲ್ಲಿ ನಾಜಿ ವಿದ್ಯಾರ್ಥಿಗಳು ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಬೆಂಕಿ ಹಚ್ಚಿದವರು ಅನಕ್ಷರಸ್ಥರಲ್ಲ, ಓದುತ್ತಿದ್ದ ಹುಡುಗರು, ಎಂಬುದೇ ಅಲ್ಲಿ ನಿಂತಾಗ ಹೆಚ್ಚು ಚುಚ್ಚುವುದು. ಬೇಬೆಲ್ ಪ್ಲಾಟ್ಸ್ ಎಂಬ ಆ ಚೌಕದ ನಡುವೆ ನೆಲಕ್ಕೆ ಒಂದು ಗಾಜು ಕೂರಿಸಿದ್ದಾರೆ. ಬಗ್ಗಿ ನೋಡಿದರೆ ಕೆಳಗೆ ಬಿಳಿಯ ಕೋಣೆ, ಸುತ್ತಲೂ ಸುಮಾರು 20,000 ಪುಸ್ತಕ ಹಿಡಿಸುವಷ್ಟು ಖಾಲಿ ಕಪಾಟುಗಳು. ಇಸ್ರೇಲಿನ ಕಲಾವಿದ ಮಿಖಾ ಉಲ್ಮನ್ 1995ರಲ್ಲಿ ರಚಿಸಿದ ಸ್ಮಾರಕವದು. ಹಗಲಿನಲ್ಲಿ ಗಾಜಿನ ಮೇಲೆ ನಿಮ್ಮದೇ ಮುಖ ಮತ್ತು ಮೋಡಗಳು ಕಾಣುವುದರಿಂದ ಕತ್ತಲಾದ ಮೇಲೆ ಹೋಗುವುದು ಒಳ್ಳೆಯದು.

ವ್ಯಾಕರಣಕ್ಕೆ ಹೆದರಬೇಡಿ. ಸಾಗರದ ಬಸ್ ನಿಲ್ದಾಣದಲ್ಲಿ ಬೇರೆ ಊರಿನವರು ಅರೆಬರೆ ಕನ್ನಡದಲ್ಲಿ ದಾರಿ ಕೇಳಿದರೆ ನೀವು ಎಷ್ಟು ಮುತುವರ್ಜಿಯಿಂದ ಹೇಳುತ್ತೀರೋ ಅಲ್ಲಿನವರೂ ಬಹುಮಟ್ಟಿಗೆ ಹಾಗೆಯೇ. ಸರ್ಕಾರಿ ಕಚೇರಿಗಳ ಕಿಟಕಿಗಳನ್ನು ಮಾತ್ರ ಈ ಮಾತಿನಿಂದ ಹೊರಗಿಡುತ್ತೇನೆ.

ಪ್ರಶ್ನೆ: ಬರ್ಲಿನ್ನಿನಲ್ಲಿ ನೀವು ಮತ್ತೆ ಮತ್ತೆ ಹೋದ ಒಂದೇ ಒಂದು ಜಾಗವನ್ನು ಹೇಳುತ್ತೀರಾ?
– ಕುಂದಾಪುರದಿಂದ

ಉತ್ತರ: ಟೆಂಪಲ್‌ಹೋಫ್ ಬಯಲು. 1948ರ ಜೂನಿನಿಂದ ಹನ್ನೊಂದು ತಿಂಗಳ ಕಾಲ ಸೋವಿಯತ್ ಸೇನೆ ಪಶ್ಚಿಮ ಬರ್ಲಿನ್ನಿನ ದಾರಿಗಳನ್ನೆಲ್ಲ ಮುಚ್ಚಿದಾಗ, ಹಿಟ್ಟು, ಕಲ್ಲಿದ್ದಲು, ಹಾಲಿನ ಪುಡಿಯನ್ನು ಹೊತ್ತ ವಿಮಾನಗಳು ಕೆಲವೇ ನಿಮಿಷಗಳಿಗೊಂದರಂತೆ ಬಂದಿಳಿದ ಮುಖ್ಯ ನಿಲ್ದಾಣವದು. 2008ರ ಅಕ್ಟೋಬರಿನಲ್ಲಿ ಅದನ್ನು ಮುಚ್ಚಿದರು. ನಾನು ಹೋದ ಮೊದಲ ಚಳಿಗಾಲದಲ್ಲಿ, ಹಿಮ ಕಟ್ಟಿ ವಾರಗಟ್ಟಲೆ ಕಾಲುದಾರಿಗಳೆಲ್ಲ ಗಾಜಿನಂತಾಗಿದ್ದಾಗ, ಬೇಲಿಯಾಚೆಗೆ ಅಷ್ಟು ದೊಡ್ಡ ಖಾಲಿ ಜಾಗ ಬಿದ್ದಿರುವುದನ್ನು ವರ್ತುಲ ರೈಲಿನ ಕಿಟಕಿಯಿಂದ ನೋಡುತ್ತಿದ್ದೆ. 2010ರ ಮೇ ತಿಂಗಳಲ್ಲಿ ಬೇಲಿಯ ಬಾಗಿಲು ತೆರೆದು ಇಡೀ ವಿಮಾನ ನಿಲ್ದಾಣವನ್ನು ಜನರಿಗೆ ಬಿಟ್ಟುಕೊಟ್ಟರು. 300 ಹೆಕ್ಟೇರಿಗೂ ಮಿಕ್ಕ ಬಯಲು, ರನ್‌ವೇಗಳು ಹಾಗೆಯೇ ಇವೆ. ವಿಮಾನ ಓಡಿದ ಕಡೆ ಮಕ್ಕಳು ಸೈಕಲ್ ಕಲಿಯುತ್ತಾರೆ. ಹುಲ್ಲಿನ ನಡುವೆ ಬಾನಾಡಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಒಂದಷ್ಟು ಭಾಗಕ್ಕೆ ಹಗ್ಗ ಕಟ್ಟಿ ಜನರನ್ನು ದೂರವಿಡುತ್ತಾರೆ. ಅಲ್ಲಿ ಮನೆ ಕಟ್ಟುವ ಯೋಜನೆಯೊಂದನ್ನು 2014ರ ಜನಮತದಲ್ಲಿ ನಗರದವರೇ ತಿರಸ್ಕರಿಸಿದರು. ಮನೆಗಳ ಬಾಡಿಗೆ ಏರುತ್ತಿರುವ ಊರಿನಲ್ಲಿ ಅದು ಸರಿಯಾದ ತೀರ್ಮಾನವೇ ಎಂಬ ಜಗಳ ಇಂದಿಗೂ ನಡೆದಿದೆ. ಬಾಡಿಗೆಗೆ ಕೋಣೆ ಸಿಗದೆ ಅಲೆದವನಾದ ನನಗೂ ಒಂದೇ ಉತ್ತರವಿಲ್ಲ.

ನೀವು ಕರಾವಳಿಯವರು, ದಿಗಂತ ಕಾಣದ ಊರಿನಲ್ಲಿ ಕೆಲವು ತಿಂಗಳಾದರೆ ಕಣ್ಣು ಸೋಲುತ್ತದೆ ಎಂಬುದು ನಿಮಗೆ ಗೊತ್ತಿರಬಹುದು. ರನ್‌ವೇಯ ನಡುವೆ ನಿಂತರೆ ನಾಲ್ಕೂ ಕಡೆ ಬಾನು ನೆಲಕ್ಕೆ ತಾಗುವುದು ಕಾಣುತ್ತದೆ. ಗಾಳಿಪಟ ಹಾರಿಸುವವರು ಯಾವಾಗಲೂ ಇರುತ್ತಾರೆ. ಹೊತ್ತು ಮುಳುಗುವಾಗ ಬಾಗಿಲು ಹಾಕುತ್ತಾರೆ, ಅದಕ್ಕಿಂತ ಒಂದು ಗಂಟೆ ಮೊದಲು ಹೋಗಿ. ಮರೆಯೇ ಇಲ್ಲದ ಬಯಲಾದ್ದರಿಂದ ಬೇಸಿಗೆಯಲ್ಲೂ ಗಾಳಿ ಜೋರು. ಕಿವಿ ಮುಚ್ಚುವಂಥದ್ದೇನಾದರೂ ಚೀಲದಲ್ಲಿರಲಿ.